ಮಂಡಕ್ಕಿಯೊಳಗಿನ ವಾಲ್ವು

ಕಾಲೇಜಿನಲ್ಲಿ ನಾವು ಓದಿದ ಎಲೆಕ್ಟ್ರಾನಿಕ್ಸ್ ಪುಸ್ತಕದಲ್ಲಿ ರೇಡಿಯೋ ವಾಲ್ವಿನ ಬಗ್ಗೆ ಒಂದೇ ಅಧ್ಯಾಯವಿತ್ತು. ಮೇಷ್ಟ್ರು ಅದನ್ನು ಬಿಟ್ಟು ಮುಂದಕ್ಕೆ ಹೋದರು. "ಇದು ಪರೀಕ್ಷೆಗೂ ಬರೋದಿಲ್ಲ, ಜೀವನದಲ್ಲೂ ಬರೋದಿಲ್ಲ" ಎಂದರು. ಪರೀಕ್ಷೆಯ ಮಟ್ಟಿಗೆ ಅವರ ಮಾತು ನಿಜವಾಯಿತು. ಎಂ.ಎಸ್ಸಿ. ಮುಗಿಸಿ ಎರಡು ವರ್ಷ ಅರ್ಜಿ ಹಾಕಿದ ಮೇಲೆ ನನಗೆ ನೌಕರಿ ಸಿಕ್ಕಿದ್ದು ಆ ಬಿಟ್ಟುಹೋದ ಅಧ್ಯಾಯದಲ್ಲಿಯೇ.

ಎಂಬತ್ತರ ದಶಕದ ಮೊದಲ ವರ್ಷಗಳವು. ಅದಕ್ಕೂ ಬಹಳ ಹಿಂದೆ, ಊರವರೆಲ್ಲ ಸಂಜೆ ಕೂತು ಕೇಳಲಿ ಎಂದು, ಪಂಚಾಯ್ತಿ ಕಟ್ಟಡಗಳಿಗೆ ಒಂದೊಂದು ದೊಡ್ಡ ರೇಡಿಯೋ ಕೊಟ್ಟಿದ್ದರು. ಅಡಿಕೆ ತುಂಬುವ ಪೆಟ್ಟಿಗೆಯಷ್ಟು ದೊಡ್ಡವು. ಒಳಗೆ ಗಾಜಿನ ವಾಲ್ವುಗಳು. ಹಾಕಿದ ಕೂಡಲೇ ಮಾತಾಡುವ ಜಾತಿಯಲ್ಲ. ವಾಲ್ವಿನ ತಂತಿ ಕೆಂಪಾಗಿ ಕಾಯುವವರೆಗೆ ಒಂದು ನಿಮಿಷ ಕಾಯಬೇಕು. ಆಮೇಲೆ ಟ್ರಾನ್ಸಿಸ್ಟರ್ ಬಂತು, ಮನೆಮನೆಗೆ ಬಂತು, ಎಮ್ಮೆ ಕಾಯುವವರ ಹೆಗಲಿಗೂ ಬಂತು. ವಾಲ್ವು ಮಾಡುವ ಕಾರ್ಖಾನೆಗಳು ಒಂದೊಂದಾಗಿ ನಿಂತವು. ಆದರೆ ಪಂಚಾಯ್ತಿ ರೇಡಿಯೋಗಳು ನಮ್ಮ ಇಲಾಖೆಯ ಪುಸ್ತಕದಲ್ಲಿ ಉಳಿದೇ ಇದ್ದವು. ಪುಸ್ತಕದಲ್ಲಿ ಇರುವವರೆಗೆ ಅವುಗಳ ಬಿಡಿಭಾಗಗಳನ್ನು ಕಾಯಲು ಒಂದು ಸ್ಟೋರು ಬೇಕು. ಸ್ಟೋರು ಇರುವವರೆಗೆ ಒಬ್ಬ ಸ್ಟೋರ್ ಸಹಾಯಕಿ ಬೇಕು. ಅದು ನಾನು.

ಸ್ಟೋರು ಹೊನ್ನಾಳಿಯಲ್ಲಿ, ಹೊಳೆಗೆ ಹೋಗುವ ದಾರಿಯಲ್ಲಿ, ಒಂದು ಅಕ್ಕಿ ಗಿರಣಿಯ ಪಕ್ಕದ ಬಾಡಿಗೆ ಗೋದಾಮಿನಲ್ಲಿತ್ತು. ಗಿರಣಿ ಶುರುವಾದರೆ ರ‍್ಯಾಕಿನಲ್ಲಿದ್ದ ನೂರಾರು ವಾಲ್ವುಗಳು ಒಟ್ಟಿಗೆ ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು. ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆಯ ಹಳ್ಳಿಗಳು ನಮಗೆ ಸೇರಿದ್ದವು. ಜಗಳೂರನ್ನೂ ಸೇರಿಸಿದ್ದರು. ಅದು ಬೇರೆ ಜಿಲ್ಲೆ, ದೂರದ ದಾರಿ. ಯಾಕೆ ಸೇರಿಸಿದರು ಎಂಬುದಕ್ಕೆ ಫೈಲಿನಲ್ಲಿ ಕಾರಣ ಸಿಗಲಿಲ್ಲ. ಶಿವಮೊಗ್ಗದಲ್ಲಿದ್ದ ನಮ್ಮ ಸಾಹೇಬರನ್ನು ಕೇಳಿದೆ. "ಯಾರಾದರೂ ಸೇರಿಸಿರಬೇಕಮ್ಮ" ಎಂದರು.

ರ‍್ಯಾಕಿನ ತುಂಬ ವಾಲ್ವು ಇದ್ದವಲ್ಲ, ಅವುಗಳಲ್ಲಿ ಮುಕ್ಕಾಲು ಪಾಲು ನಮ್ಮ ಯಾವ ರೇಡಿಯೋಗೂ ಕೂರುತ್ತಿರಲಿಲ್ಲ. ನಾನು ಸೇರುವುದಕ್ಕೆ ಮೊದಲು ಕಾರ್ಖಾನೆಯವರು ಒಂದು ಕಾಗದ ಬರೆದಿದ್ದರು: ಇನ್ನು ಮುಂದೆ ವಾಲ್ವು ಮಾಡುವುದಿಲ್ಲ, ನಿಮ್ಮ ರೇಡಿಯೋಗಳ ಜೀವಮಾನಕ್ಕೆ ಎಷ್ಟು ಬೇಕೋ ಈಗಲೇ ಕೇಳಿ ಎಂದು. ನನಗಿಂತ ಹಿಂದೆ ಆ ಕುರ್ಚಿಯಲ್ಲಿದ್ದವರು ಪುಸ್ತಕ ತೆಗೆದು, ಯಾವ ಜಾತಿಯ ಮುಂದೆ ಅಂಕಿ ದೊಡ್ಡದಿದೆಯೋ ಅದನ್ನು ಹೆಚ್ಚು ಬರೆದು ಕಳಿಸಿದರು. ಅವರು ನೋಡಿದ್ದು ಖರ್ಚಾದದ್ದರ ಕಾಲಂ ಅಲ್ಲ, ಉಳಿದದ್ದರ ಕಾಲಂ. ಹೀಗಾಗಿ ಯಾರಿಗೂ ಬೇಡವಾಗಿ ಉಳಿದಿದ್ದ ವಾಲ್ವೇ ಇಡೀ ಜೀವಮಾನಕ್ಕೆ ಸಾಕಾಗುವಷ್ಟು ಬಂದು ಕೂತಿತು. ಬೇಕಾಗಿದ್ದದ್ದು, ಅಂದರೆ ರೇಡಿಯೋದ ದನಿಯನ್ನು ದೊಡ್ಡದು ಮಾಡುವ ಕೊನೆಯ ವಾಲ್ವು, ಹನ್ನೆರಡು ಬಂತು.

ನನಗೆ ಆ ಕೆಲಸ ಇಷ್ಟವಾಯಿತು ಎಂದು ಮನೆಯಲ್ಲಿ ಹೇಳಲು ನಾಚಿಕೆಯಾಗುತ್ತಿತ್ತು. ಸತ್ತ ವಾಲ್ವನ್ನು ಗುರುತಿಸುವುದು ಕಲಿತೆ: ಗಾಜಿನ ತಲೆಯಲ್ಲಿ ಕನ್ನಡಿಯಂತೆ ಹೊಳೆಯುವ ಒಂದು ಕಲೆ ಇರುತ್ತದೆ, ಒಳಗೆ ಗಾಳಿ ಹೊಕ್ಕರೆ ಅದು ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ. ಮೂರು ಸತ್ತ ರೇಡಿಯೋ ಬಿಚ್ಚಿ ಒಂದನ್ನು ಬದುಕಿಸುವುದು ಕಲಿತೆ. ಟೂರಿಂಗ್ ಟಾಕೀಸಿನವರು ಇಂಥದೇ ವಾಲ್ವಿರುವ ಹಳೆಯ ಆಂಪ್ಲಿಫೈಯರ್ ಮಾರುತ್ತಾರೆಂದರೆ ಸಾಹೇಬರಿಗೆ ಕಾಗದ ಬರೆಯುತ್ತಿದ್ದೆ. ಅನುಮತಿ ಬರುವ ಹೊತ್ತಿಗೆ ಅದು ಮಾರಿಹೋಗಿರುತ್ತಿತ್ತು. ಪ್ರತಿಯೊಂದು ವಾಲ್ವಿಗೂ ಒಂದು ನಂಬರು ಕೊಟ್ಟೆ. ಗಾಜು ಕಾಯುತ್ತದೆ, ಶಾಯಿ ನಿಲ್ಲುವುದಿಲ್ಲ. ಅದಕ್ಕೆ ಒಂದು ಸೀಸೆ ಕೆಂಪು ಉಗುರುಬಣ್ಣ ಕೊಂಡು, ಅದರಿಂದ ಬುಡದ ಹತ್ತಿರ ಸಣ್ಣದಾಗಿ ಬರೆದೆ. ನನ್ನ ಜೀವನದಲ್ಲಿ ಕೊಂಡ ಉಗುರುಬಣ್ಣ ಅದೊಂದೇ.

ಸ್ಟೋರಿನಲ್ಲಿ ನನ್ನ ಜೊತೆ ಇದ್ದವರು ಒಬ್ಬರೇ, ರೇಡಿಯೋ ಮೇಸ್ತ್ರಿ. ಐವತ್ತರ ಹತ್ತಿರದವರು, ಕಡ್ಡಿಯಂಥ ಮೈ, ಕಿವಿಯ ಮೇಲೆ ಯಾವಾಗಲೂ ಒಂದು ಟೆಸ್ಟರು. ಹಳ್ಳಿಗಳಿಗೆ ಬಸ್ಸಿನಲ್ಲಿ ಹೋಗಿ ರೇಡಿಯೋ ರಿಪೇರಿ ಮಾಡಿ ಬರುವುದು ಅವರ ಕೆಲಸ. ದಿನಗೂಲಿಯ ನೌಕರಿ. ನಮ್ಮ ಇಲಾಖೆಯಲ್ಲಿ ಹತ್ತು ವರ್ಷ ಬಿಡದೆ ದುಡಿದ ದಿನಗೂಲಿಯವರನ್ನು ಖಾಯಂ ಮಾಡುತ್ತಿದ್ದರು. ಮೇಸ್ತ್ರಿಯ ಹಾಜರಿ ಪುಸ್ತಕ ನನ್ನ ಕೈಯಲ್ಲೇ ಇದ್ದುದರಿಂದ ಅವರಿಗೆ ಇನ್ನೆಷ್ಟು ಬಾಕಿ ಎಂಬುದು ನನಗೆ ಗೊತ್ತಿತ್ತು. ಖಾಯಂ ಆದವರಿಗೆ ಮಾತ್ರ ಖಾಕಿ ಕೋಟು ಹಾಕುವ ಹಕ್ಕು. ಮೇಸ್ತ್ರಿ ಅದನ್ನು ಎರಡು ವರ್ಷ ಮುಂಚೆಯೇ ನ್ಯಾಮತಿಯ ದರ್ಜಿಯ ಹತ್ತಿರ ಹೊಲಿಸಿ, ನಮ್ಮ ಒಂಬತ್ತನೇ ರ‍್ಯಾಕಿನಲ್ಲಿ, ಒಂದು ಖಾಲಿ ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದರು.

"ಮನೆಯಲ್ಲಿ ಇಡಬಹುದಲ್ಲ ಮೇಸ್ತ್ರಿ?" ಎಂದು ಕೇಳಿದ್ದೆ.

"ಮನ್ಯಾಗೆ ಇಟ್ರೆ ನಮ್ಮನೆಯಾಕಿ ದಿನಾ ಕೇಳ್ತಾಳ್ರಿ ಅಮ್ಮಾರೆ, ಯಾವಾಗ ಹಾಕ್ಕಂತೀರಿ, ಯಾವಾಗ ಹಾಕ್ಕಂತೀರಿ ಅಂತ. ಇಲ್ಲಾದ್ರೆ ಕೇಳೋರಿಲ್ಲ. ವಾಲ್ವಿಗೆ ಬಾಯಿ ಇಲ್ಲ."

ರ‍್ಯಾಕಿನಲ್ಲಿರುವ ಪ್ರತಿ ವಸ್ತುವಿಗೂ ಒಂದು ಕಾರ್ಡು ಇರಬೇಕೆಂಬುದು ಸ್ಟೋರಿನ ನಿಯಮ: ಬಂದದ್ದು, ಹೋದದ್ದು, ಉಳಿದದ್ದು. ಆ ಕೋಟಿಗೆ ಕಾರ್ಡು ಇಲ್ಲದಿರುವುದು ನನಗೆ ಸಮಾಧಾನ ತರಲಿಲ್ಲ. ಒಂದು ಬರೆದು ಪೆಟ್ಟಿಗೆಗೆ ಕಟ್ಟಿದೆ. 'ಖಾಕಿ ಕೋಟು. ಬಂದದ್ದು ಒಂದು. ಉಳಿದದ್ದು ಒಂದು.' ಮೇಸ್ತ್ರಿ ಅದನ್ನು ಎರಡು ಸಲ ಓದಿ, "ಈಗ ಇದು ಸರ್ಕಾರಿ ಆತು ನೋಡ್ರಿ" ಎಂದು ಖುಷಿಪಟ್ಟರು.

ಆ ವರ್ಷ ಒಂದು ಸುತ್ತೋಲೆ ಬಂತು. ಹಳೆಯ ಸ್ಟೋರುಗಳನ್ನು ಪರಿಶೀಲಿಸಬೇಕು. ಸ್ಟೋರಿಗೆ ಸೇರಿದ ಪ್ರತಿ ಭಾಗದಲ್ಲೂ ಕನಿಷ್ಠ ಒಂದು ವಾಲ್ವ್ ರೇಡಿಯೋ ನುಡಿಯುತ್ತಿರಬೇಕು. ಇಲ್ಲದಿದ್ದರೆ ಸ್ಟೋರು ಮುಚ್ಚತಕ್ಕದ್ದು, ಖಾಯಂ ನೌಕರರನ್ನು ಬೇರೆ ಕಡೆ ಕಳಿಸತಕ್ಕದ್ದು, ದಿನಗೂಲಿಯವರನ್ನು ಬಿಡತಕ್ಕದ್ದು. ನಾನು ಹಾಜರಿ ಪುಸ್ತಕ ತೆಗೆದು ಎಣಿಸಿದೆ. ಪರಿಶೀಲನೆ ಶುರುವಾಗುವ ದಿನಕ್ಕೆ ಮೇಸ್ತ್ರಿಗೆ ಹತ್ತು ವರ್ಷ ತುಂಬಲು ಮೂರು ತಿಂಗಳು ಹನ್ನೊಂದು ದಿನ ಬಾಕಿ ಇತ್ತು.

ಪರಿಶೀಲನೆಗೆ ಸಾಹೇಬರೇ ಬರಬೇಕಿತ್ತು. ಅವರಿಗೆ ಬೆನ್ನುನೋವು. "ನೀನೇ ಹೋಗಿ ಬಾರಮ್ಮ. ಕೇಳೋದು, ಬರೆಯೋದು, ಅಷ್ಟೆ" ಎಂದು ನನ್ನನ್ನೇ ಪರಿಶೀಲನಾಧಿಕಾರಿ ಮಾಡಿದರು. ನಾಲ್ಕು ದಿನ, ನಾಲ್ಕು ಊರು. ದನಿಯ ವಾಲ್ವು ಸ್ಟೋರಿನಲ್ಲಿ ಮುಗಿದು ಎರಡು ವರ್ಷ ದಾಟಿತ್ತು. ನಾಲ್ಕು ಕಡೆಯೂ ರೇಡಿಯೋ ನುಡಿಯುತ್ತದೆಂಬ ನಂಬಿಕೆ ನನಗಿರಲಿಲ್ಲ. ಮೇಸ್ತ್ರಿಗೆ ಮಾತ್ರ ಇತ್ತು.

"ನಾ ಒಂದು ಬಸ್ಸು ಮುಂದೆ ಮುಂದೆ ಹೋಗಿ ತಿಳಿಸಿರ್ತೀನ್ರಿ ಅಮ್ಮಾರೆ. ನೀವು ಅರಾಮಾಗಿ ಹಿಂದಿನ ಬಸ್ಸಿಗೆ ಬರ್ರಿ" ಎಂದರು.

ಮೊದಲ ದಿನ ನ್ಯಾಮತಿ ದಾಟಿ ಸವಳಂಗದ ರಸ್ತೆಯ ಒಂದು ಹಳ್ಳಿ. ಪಂಚಾಯ್ತಿ ಚೇರ್ಮನ್ರು ಬಿಳಿ ಟೋಪಿ ಹಾಕಿ ನಿಂತಿದ್ದರು. ಮೇಸ್ತ್ರಿ ರೇಡಿಯೋ ಹಾಕಿದರು. ಎಲ್ಲರೂ ಒಂದು ನಿಮಿಷ ಮೌನವಾಗಿ ನಿಂತೆವು. ಆಮೇಲೆ ಅಡಿಕೆ ಧಾರಣೆ ಗಟ್ಟಿಯಾಗಿ, ಸ್ಪಷ್ಟವಾಗಿ ಕೇಳಿಸಿತು. ನಾನು ರೇಡಿಯೋದ ಹಿಂದಕ್ಕೆ ಹೋಗಿ ಬಗ್ಗಿ ನೋಡಿ, ದನಿಯ ವಾಲ್ವಿನ ನಂಬರನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ: ಹದಿನೇಳು. ಸ್ಟೋರಿನ ಪುಸ್ತಕದ ಪ್ರಕಾರವೂ ಹದಿನೇಳು ಆ ಊರಿಗೇ ಹೋದದ್ದು. ಎಲ್ಲ ಸರಿಯಾಗಿತ್ತು. ಹೊರಡುವಾಗ ಮೇಸ್ತ್ರಿ, "ನೀವು ನಡೀರಿ ಅಮ್ಮಾರೆ, ಕಂಬದ ಮ್ಯಾಲಿನ ವೈರು ಸಡಲಾಗೈತೆ, ಬಿಗಿ ಮಾಡಿ ಬರ್ತೀನಿ" ಎಂದರು.

ಎರಡನೇ ದಿನ ಹೊನ್ನಾಳಿಗೆ ಹತ್ತಿರದ, ಹೊಳೆದಂಡೆಯ ಊರು. ಅಲ್ಲಿ ಹೆಂಗಸರೂ ಬಂದು ಜಗಲಿ ತುಂಬ ಕೂತಿದ್ದರು. ನನ್ನನ್ನು ಶಾಲೆಯ ಟೀಚರೆಂದುಕೊಂಡು ಅಕ್ಕೋರೆ ಎನ್ನುತ್ತಿದ್ದರು. ಕರೆಂಟು ಹೋಯಿತು, ಬಂತು, ಹೋಯಿತು, ಬಂತು. ಅಂತೂ ರೇಡಿಯೋ ಕಾದು ಯಾವುದೋ ಹಾಡು ಹಾಡಿತು. ಒಬ್ಬ ಅಜ್ಜಿ ನನ್ನ ಗಲ್ಲ ಸವರಿ ನೆಟಿಕೆ ಮುರಿದಳು.

"ಇದು ಬಾಯಿ ಬಿಟ್ಟು ಎಲ್ಡು ವರ್ಷ ಆಗಿತ್ತು ನೋಡವ್ವ. ನೀ ಬಂದಿ, ಮಾತಾಡ್ತು. ನಿನ್ನ ಕಾಲ್ಗುಣ."

"ಏ ಮುದುಕಿ, ಸುಮ್ಕೆ ಕೂತ್ಕ" ಎಂದು ಅಲ್ಲಿನ ಚೇರ್ಮನ್ರು ಗದರಿದರು. "ಅಕ್ಕೋರೆ, ಅವಳಿಗೆ ಕಿವಿ ಕೇಳಂಗಿಲ್ಲ. ಎಲ್ಡು ವರ್ಷದಿಂದ ಕಿವಿ ಹೋಗೈತೆ. ರೇಡಿಯೋ ದಿನಾ ಮಾತಾಡ್ತೈತೆ."

"ನಂಗ್ಯಾಕೆ ಕಿವಿ ಕೇಳಂಗಿಲ್ಲ?" ಎಂದಳು ಅಜ್ಜಿ. "ನೀ ಈಗ ಮುದುಕಿ ಅಂದದ್ದು ಕೇಳ್ತಲ್ಲ."

ನಾನು ರೇಡಿಯೋದ ಹಿಂದೆ ಬಗ್ಗಿದೆ. ವಾಲ್ವಿನ ಬುಡದಲ್ಲಿ ಎರಡು ಕಾಳು ಮಂಡಕ್ಕಿ ಬಿದ್ದಿದ್ದವು. ಇಲಿ ತಂದಿರಬೇಕು ಎಂದುಕೊಂಡೆ. ನಂಬರು ಬರೆದುಕೊಂಡೆ. ಬರೆದ ಮೇಲೆ ಹಿಂದಿನ ಪುಟ ತಿರುಗಿಸಿದೆ. ಹದಿನೇಳು. ಇವತ್ತಿನದೂ ಹದಿನೇಳು. ನಾನು ಒಂದೇ ನಂಬರನ್ನು ಎರಡು ವಾಲ್ವಿಗೆ ಬರೆದುಬಿಟ್ಟೆನೇ ಎಂದು ಮತ್ತೊಮ್ಮೆ ಬಗ್ಗಿ ನೋಡಿದೆ. ಬಸ್ಸಿನಲ್ಲಿ ಕೂತು ಯೋಚಿಸಿದೆ. ನಾನು ಹಾಗೆ ತಪ್ಪು ಮಾಡುವವಳಲ್ಲ. ಅಲ್ಲಿಗೆ ಉಳಿದದ್ದು ಒಂದೇ ಸಾಧ್ಯತೆ. ಅದನ್ನು ಆ ದಿನ ಪೂರ್ತಿ ಯೋಚಿಸಲಿಲ್ಲ. ಬಸ್ಸು ಸ್ಟ್ಯಾಂಡು ಬಿಡುವಾಗ ಮೇಸ್ತ್ರಿ ಆ ಊರಲ್ಲೂ ಕಂಬದ ವೈರು ಬಿಗಿ ಮಾಡಲು ಹಿಂದೆ ಉಳಿದಿದ್ದರು.

ಮೂರನೇ ದಿನ ಚನ್ನಗಿರಿ ಕಡೆ, ಸೂಳೆಕೆರೆಯ ದಂಡೆಯ ಒಂದು ಊರು. ಅಲ್ಲಿ ಮೇಸ್ತ್ರಿ ಇರಲಿಲ್ಲ. ಜಗಳೂರು ದೂರ, ಅಲ್ಲಿನ ರೇಡಿಯೋಗೆ ಬೇರೆ ಏನೋ ಕಾಯಿಲೆಯೂ ಇದೆಯೆಂದು ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿದ್ದರು. ನನ್ನನ್ನು ಎದುರುಗೊಂಡವರು ಪಂಚಾಯ್ತಿ ಜವಾನರು. ಹೆಗಲ ಮೇಲೆ ದಪ್ಪ ಟವೆಲು. ಬಹಳ ಮುತುವರ್ಜಿಯ ಮನುಷ್ಯ. ನಾನು ಕುರ್ಚಿಯಲ್ಲಿ ಕೂತೆ, ಅವರು ರೇಡಿಯೋದ ಪಕ್ಕ ಕಾವಲು ನಿಂತರು. ಒಂದು ನಿಮಿಷ ಆದ ಮೇಲೆ ರೇಡಿಯೋ ಮಾತಾಡಿತು. ಒಬ್ಬರು ಬತ್ತದ ಗರಿಗೆ ಬರುವ ರೋಗದ ಬಗ್ಗೆ ಹೇಳುತ್ತಿದ್ದರು.

ಆಮೇಲೆ ತಿಳಿದದ್ದು: ಮೇಸ್ತ್ರಿ ಅವರಿಗೆ 'ಮೇಡಂ ಕುರ್ಚಿ ಬಿಟ್ಟು ಎದ್ದ ಕೂಡಲೇ ವಾಲ್ವು ಕಿತ್ತುಬಿಡು' ಎಂದು ಹೇಳಿ ಹೋಗಿದ್ದರು. ನಾನು ಎದ್ದೆ. ಹೊರಡಲಿಕ್ಕಲ್ಲ, ನಂಬರು ನೋಡಲಿಕ್ಕೆ. ಜವಾನರ ಕೈ ಮಿಂಚಿನಂತೆ ರೇಡಿಯೋದ ಹಿಂದಕ್ಕೆ ಹೋಯಿತು. "ಗರಿಗಳ ಮೇಲೆ ಕಂದು ಚುಕ್ಕೆಗಳು ಕಂಡುಬಂದಲ್ಲಿ ರೈತ ಬಾಂಧವರು ಕೂಡಲೇ" ಎಂದು ರೇಡಿಯೋ ನಿಂತಿತು.

ಹತ್ತು ನಿಮಿಷ ಉರಿದ ವಾಲ್ವು ಕೆಂಡದಷ್ಟೇ ಬಿಸಿ. ಜವಾನರು ಅದನ್ನು ಟವೆಲಿನಲ್ಲಿ ಹಿಡಿದು ಬೆನ್ನ ಹಿಂದೆ ಮುಚ್ಚಿಕೊಂಡು ನಿಂತಿದ್ದರು. ಮುಖದಲ್ಲಿ ನಗು ಹಾಗೇ ಇತ್ತು. ಕಣ್ಣಲ್ಲಿ ನೀರು ಬರುತ್ತಿತ್ತು. ಟವೆಲು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತಿರುವುದು ಅವರ ಭುಜ ನೋಡಿದರೆ ತಿಳಿಯುತ್ತಿತ್ತು.

"ಯಾಕೆ ನಿಂತಿತು?" ಎಂದೆ.

"ಅದಕ್ಕೆ ಸುಸ್ತಾಗೈತೆ ಮೇಡಮ್ಮಾರೆ. ಹಳೇದಲ್ರಿ. ಒಂದೀಟು ಮಾತಾಡ್ತೈತೆ, ಒಂದೀಟು ಸುಧಾರಿಸ್ಕಂತೈತೆ."

ಟವೆಲಿನಿಂದ ಸಣ್ಣಗೆ ಕಮರು ವಾಸನೆ ಬರತೊಡಗಿತು. ನಾನು ಮತ್ತೆ ಕುರ್ಚಿಯಲ್ಲಿ ಕೂತೆ. ಅದಕ್ಕಿಂತ ಹೆಚ್ಚಿನದೇನೂ ನನಗೆ ಹೊಳೆಯಲಿಲ್ಲ. ನನ್ನ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತ ಬಗ್ಗಿದೆ. ಒಂದು ಪಟ್ಟಿ ಸರಿಮಾಡಲು ಎಷ್ಟು ಹೊತ್ತು ಬೇಕೋ ಅದರ ಮೂರರಷ್ಟು ಹೊತ್ತು. ತಲೆ ಎತ್ತುವಾಗ ರೇಡಿಯೋ ಮತ್ತೆ ಮಾತಾಡುತ್ತಿತ್ತು, ಜವಾನರು ಬೆರಳುಗಳನ್ನು ಊದಿಕೊಳ್ಳುತ್ತಿದ್ದರು. ಅಷ್ಟರಲ್ಲಿ ರೈತ ಬಾಂಧವರು ಕೂಡಲೇ ಏನು ಮಾಡಬೇಕೆಂಬುದು ಮುಗಿದುಹೋಗಿತ್ತು. ಎದ್ದು ಹಿಂದೆ ಹೋಗಿ ನೋಡಿದೆ. ಈ ಸಲ ಅವರು ಕೀಳಲಿಲ್ಲ. ಎರಡನೇ ಸಲ ಕೀಳುವ ಧೈರ್ಯ ಬೆರಳುಗಳಿಗೆ ಇರಲಿಲ್ಲ. ಹದಿನೇಳು. ಸುತ್ತ ಮಂಡಕ್ಕಿ.

ಆ ರಾತ್ರಿ ಚನ್ನಗಿರಿಯಲ್ಲಿ ಕಾಲೇಜಿನ ಗೆಳತಿಯ ಮನೆಯಲ್ಲಿ ಉಳಿದೆ. ಏನು ಕೆಲಸ ನಿನ್ನದು ಎಂದು ಅವಳ ತಂದೆ ಕೇಳಿದರು. ಯಾರೂ ಮಾಡದ ವಸ್ತುಗಳನ್ನು ಇಟ್ಟುಕೊಂಡು, ಯಾರಿಗೆ ಬೇಕೋ ಅವರಿಗೆ ಸಿಗುವಂತೆ ನೋಡಿಕೊಳ್ಳುವುದು ಎಂದೆ. "ಒಳ್ಳೆಯದು, ಮ್ಯೂಸಿಯಂ" ಎಂದರು ಅವರು. ನಾನು ತಿದ್ದಲಿಲ್ಲ. ವರದಿಯಲ್ಲಿ ಏನು ಬರೆಯುವುದು ಎಂಬುದೊಂದೇ ತಲೆಯಲ್ಲಿತ್ತು. ನಾಲ್ಕು ರೇಡಿಯೋ ನುಡಿದವು ಎಂದಷ್ಟೇ ಬರೆದರೆ ಮೇಸ್ತ್ರಿ ಖಾಯಂ. ಒಂದೇ ವಾಲ್ವು ಎಂದು ಬರೆದರೆ ಅವರ ಒಂಬತ್ತು ವರ್ಷ ಚಿಲ್ಲರೆ ನೀರಿಗೆ ಹೋಗುತ್ತದೆ. ಕಂಡದ್ದನ್ನು ಬರೆಯದೇ ಬಿಡುವುದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ. ಅದು ಗುಣವೆಂದು ಹೇಳುತ್ತಿಲ್ಲ, ಒಂದು ರೀತಿಯ ತೊಂದರೆ.

ಬೆಳಿಗ್ಗೆ ದಾವಣಗೆರೆ ಬಸ್ಸು ಹಿಡಿದು ಮುಂದಿನ ಸೀಟಿನಲ್ಲಿ ಕೂತೆ. ಕಂಡಕ್ಟರನ್ನು ದಾವಣಗೆರೆಯಿಂದ ಜಗಳೂರಿಗೆ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದ್ದೆ. ಕೆರೆಯ ಹತ್ತಿರದ ಸ್ಟಾಪಿನಲ್ಲಿ ಬಸ್ಸು ನಿಂತಾಗ ಹಿಂದಿನ ಬಾಗಿಲ ಬಳಿ ಗುರುತಿನ ದನಿ ಕೇಳಿಸಿತು. ನಿನ್ನೆಯ ಜವಾನರು. ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡಿದ್ದರು. ಕಂಡಕ್ಟರ ಕೈಗೆ ಒಂದು ತಗಡಿನ ಡಬ್ಬಿ ಕೊಟ್ಟು ಏನೋ ಹೇಳಿ, ನನ್ನನ್ನು ನೋಡದೆ ಹೊರಟುಹೋದರು. ನಮ್ಮ ಕಡೆ ಇದು ದಿನದ ಸಂಗತಿ. ಮದುವೆ ಕಾಗದ, ಮಾತ್ರೆ, ಮೊಸರು, ಮರೆತ ಛತ್ರಿ, ಎಲ್ಲವೂ ಕಂಡಕ್ಟರ ಕೈಯಲ್ಲಿ ಊರು ಮುಟ್ಟುತ್ತವೆ.

ಬಸ್ಸು ಹೊರಟಿತು. ಕಂಡಕ್ಟರು ಟಿಕೆಟು ಹರಿಯುತ್ತ ನನ್ನ ಸೀಟಿನವರೆಗೆ ಬಂದು ನಿಂತರು.

"ಅಮ್ಮಾರೆ, ನೀವು ಜಗಳೂರಿಗೆ ಹೋಗೋರಲ್ರಿ? ಯಾವ ಆಫೀಸು?"

"ರೇಡಿಯೋ."

"ಹಂಗಾರೆ ನಿಮ್ದೇ ಸಾಮಾನು ಬಿಡ್ರಿ" ಎಂದು ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟರು. "ನಂದು ದಾವಣಗೇರಿಗೆ ಮುಗೀತು. ಜಗಳೂರು ಬಸ್ಸಿನೋನಿಗೆ ಕೊಟ್ರೆ ಅವ ಮರೀತಾನೆ. ಜಗಳೂರು ಸ್ಟ್ಯಾಂಡಿನಾಗೆ ನಿಮ್ಮ ಮೇಸ್ತ್ರಿ ನಿಂತಿರ್ತಾರಂತೆ, ಕೊಟ್ಟುಬಿಡ್ರಿ. ಒಳಗೆ ಗಾಜು ಐತಂತೆ, ಅಲ್ಲಾಡಸಬ್ಯಾಡ್ರಿ."

"ಸರಿ" ಎಂದೆ.

"ಮತ್ತೆ ಬೇಗ ಮುಟ್ಟಸ್ರಿ. ಯಾರೋ ಇನ್ಸ್‌ಪೆಕ್ಷನ್ನಿಗೆ ಬರ್ತಾರಂತೆ. ಭಾಳ ಖಡಕ್ ಹೆಂಗಸಂತೆ. ಆಯಮ್ಮ ಬರೋದ್ರೊಳಗೆ ಇದು ಅಲ್ಲಿರಬೇಕಂತೆ."

"ಇಬ್ಬರೂ ಒಂದೇ ಹೊತ್ತಿಗೆ ಮುಟ್ಟಬಹುದು" ಎಂದೆ. ಅವರಿಗೆ ಅರ್ಥವಾಗಲಿಲ್ಲ, ಚಿಲ್ಲರೆ ಎಣಿಸುತ್ತ ಹಿಂದಕ್ಕೆ ಹೋದರು.

ಡಬ್ಬಿಯ ಮುಚ್ಚಳ ಸ್ವಲ್ಪ ಎತ್ತಿ ನೋಡಿದೆ. ಮಂಡಕ್ಕಿ. ನಡುವೆ, ಗೂಡಿನಲ್ಲಿ ಮೊಟ್ಟೆ ಇಟ್ಟಂತೆ, ಹದಿನೇಳು. ಎಷ್ಟು ಜಾಣ ಪ್ಯಾಕಿಂಗು ಎಂದು ಮೆಚ್ಚಿಕೊಂಡೆ. ಸ್ಟೋರಿನಲ್ಲಿ ನಾನು ಬತ್ತದ ಹೊಟ್ಟು ತುಂಬಿಸುತ್ತಿದ್ದೆ. ಹೊಟ್ಟು ಕುಸಿಯುತ್ತದೆ, ಮಂಡಕ್ಕಿ ಕುಸಿಯುವುದಿಲ್ಲ. ಮುಚ್ಚಳ ಮುಚ್ಚಿ ಎರಡೂ ಕೈಯಲ್ಲಿ ಹಿಡಿದುಕೊಂಡೆ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿನ ದಾರಿ ಹಿಡಿದ ಮೇಲೆ ಗುಂಡಿಗಳು ಹೆಚ್ಚಾದವು. ಪ್ರತಿ ಗುಂಡಿಗೂ ನಾನು ಸೀಟಿನಿಂದ ಅರ್ಧ ಎದ್ದು ಡಬ್ಬಿಯನ್ನು ಗಾಳಿಯಲ್ಲಿ ಹಿಡಿಯುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಕೊನೆಗೆ ತಡೆಯಲಾರದೆ ಕೇಳಿದಳು.

"ಏನವ್ವ ಅದು, ತುಪ್ಪನಾ?"

"ಮಂಡಕ್ಕಿ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಪಾಪ ಎಂಬಂತೆ ಇನ್ನಷ್ಟು ಜಾಗ ಬಿಟ್ಟುಕೊಟ್ಟಳು.

ಜಗಳೂರು ಸ್ಟ್ಯಾಂಡಿನಲ್ಲಿ ಮೇಸ್ತ್ರಿ ಕಂಡಕ್ಟರ ಬಾಗಿಲನ್ನೇ ನೋಡುತ್ತ ನಿಂತಿದ್ದರು. ನಾನು ಮುಂದಿನ ಬಾಗಿಲಿಂದ ಇಳಿದು ಅವರ ಪಕ್ಕ ಹೋಗಿ ನಿಂತೆ.

"ಮೇಸ್ತ್ರಿ, ನಿಮಗೆ ಮಂಡಕ್ಕಿ ಬಂದಿದೆ."

ಅವರು ಡಬ್ಬಿ ನೋಡಿದರು, ನನ್ನನ್ನು ನೋಡಿದರು, ಮತ್ತೆ ಡಬ್ಬಿ ನೋಡಿದರು. ಕಿವಿಯ ಮೇಲಿನ ಟೆಸ್ಟರು ತೆಗೆದು ಜೇಬಿಗೆ ಹಾಕಿಕೊಂಡರು. ದೇವರ ಮುಂದೆ ಚಪ್ಪಲಿ ಬಿಡುವ ಹಾಗೆ.

"ಅಲ್ಲಾಡಿಸಿಲ್ಲ" ಎಂದೆ.

"ಯಾವತ್ತಿನಿಂದ ಗೊತ್ತು ಅಮ್ಮಾರೆ?"

"ಹೊಳೆದಂಡೆಯ ಊರಿನಿಂದ."

"ಥೋ" ಎಂದರು ಮೇಸ್ತ್ರಿ. "ಹಿಂದಿನ ಸಾಹೇಬ್ರೆಲ್ಲ ಕಿವೀಲಿ ಇನ್ಸ್‌ಪೆಕ್ಷನ್ ಮಾಡೋರು. ರೇಡಿಯೋದ ಹಿಂದಕ್ಕೆ ಹೋಗಿ ಬಗ್ಗಿ ನೋಡಿದೋರು ನೀವೊಬ್ರೇ. ಓದಿದೋರ್ನ ಕಳಿಸಬಾರದ್ರಿ ಇಂಥ ಕೆಲಸಕ್ಕೆ."

ಇಬ್ಬರೂ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತೆವು. ಅವರು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು.

"ಇದ್ದಿದ್ದು ಇದ್ದಂಗೆ ಬರೀರಿ" ಎಂದರು. "ಸುಳ್ಳು ಬರೀರಿ ಅಂತ ನಾ ಹೇಳಂಗಿಲ್ಲ. ನಿಮ್ಮ ಕೈಲಿ ಅದು ಆಗಂಗೂ ಇಲ್ಲ. ನನ್ನ ಖಾಕಿ ಕೋಟಿಗೂ ಕಾರ್ಡು ಬರೆದೋರು ನೀವು."

"ಬರೆದರೆ ನಿಮ್ಮ ಮೂರು ತಿಂಗಳು ಹನ್ನೊಂದು ದಿನ?"

"ಏಳು ದಿನ" ಎಂದು ಅವರು ತಿದ್ದಿದರು. "ನಾಕು ದಿನ ಕಳೀತಲ್ರಿ."

ಆ ಮಧ್ಯಾಹ್ನ ಜಗಳೂರಿನ ಪಕ್ಕದ ಹಳ್ಳಿಯಲ್ಲಿ ಹದಿನೇಳು ನಾಲ್ಕನೇ ಸಲ ನುಡಿಯಿತು. ನಾಲ್ಕು ರೇಡಿಯೋಗಳಲ್ಲಿ ಅಲ್ಲಿನದರ ದನಿಯೇ ಎಲ್ಲಕ್ಕಿಂತ ಚೆನ್ನಾಗಿತ್ತು. ಮಂಡಕ್ಕಿಯನ್ನು ನಾವಿಬ್ಬರೂ ವಾಪಸು ಬರುವ ಬಸ್ಸಿನಲ್ಲಿ ತಿಂದು ಮುಗಿಸಿದೆವು.

ವರದಿಯನ್ನು ಮೂರು ದಿನ ಕೂತು ಬರೆದೆ. ನಮೂನೆಯಲ್ಲಿ 'ನುಡಿಯುತ್ತಿದೆಯೇ' ಎಂಬ ಕಾಲಂ ಇತ್ತು. ನಾಲ್ಕೂ ಕಡೆ ಹೌದು ಎಂದು ಬರೆದೆ, ಅದು ನಿಜ. ಕೊನೆಯಲ್ಲಿ 'ಷರಾ' ಎಂಬ ಜಾಗವಿತ್ತು. ಅಲ್ಲಿ ಹೀಗೆ ಬರೆದೆ: 'ನಾಲ್ಕೂ ರೇಡಿಯೋಗಳಲ್ಲಿ ಬಳಕೆಯಾದದ್ದು ಒಂದೇ ವಾಲ್ವು, ಸಂಖ್ಯೆ ಹದಿನೇಳು. ಅದನ್ನು ಮಂಡಕ್ಕಿಯಲ್ಲಿ ಇಟ್ಟು ಬಸ್ಸಿನ ಮೂಲಕ ಊರಿಂದ ಊರಿಗೆ ಸಾಗಿಸಲಾಗಿದೆ. ಕೊನೆಯ ಸಾಗಣೆ ನನ್ನಿಂದಲೇ ಆಗಿದೆ. ನಾಲ್ಕು ದಿನದಲ್ಲಿ ವಾಲ್ವಿಗೆ ಯಾವ ಹಾನಿಯೂ ಆಗಿಲ್ಲ.' ಅಂಚೆಗೆ ಹಾಕಿದ ಮೇಲೆ ಮೇಸ್ತ್ರಿಗೆ ಓದಿ ಹೇಳಿದೆ. ಅವರು ಒಂಬತ್ತನೇ ರ‍್ಯಾಕಿನ ಕಡೆ ನೋಡಿದರು.

ಎರಡು ವಾರಕ್ಕೆ ಶಿವಮೊಗ್ಗದಿಂದ ಉತ್ತರ ಬಂತು. ಸ್ಟೋರು ಮುಚ್ಚುವ ಆದೇಶವಲ್ಲ, ಪ್ರಶ್ನೆಗಳು. ಒಂದು: ಇಲಾಖೆಯ ವಾಲ್ವನ್ನು ಬಸ್ಸಿನಲ್ಲಿ ಸಾಗಿಸಲು ಯಾರ ಅನುಮತಿ ಪಡೆಯಲಾಗಿತ್ತು? ಎರಡು: ಮಂಡಕ್ಕಿ ಇಲಾಖೆಯ ಪ್ಯಾಕಿಂಗ್ ಸಾಮಗ್ರಿಯ ಪಟ್ಟಿಯಲ್ಲಿದೆಯೇ? ಮೂರು: ಒಂದು ವಾಲ್ವಿನಿಂದ ನಾಲ್ಕು ರೇಡಿಯೋ ನಡೆಸುವ ಈ ವಿಧಾನವನ್ನು ಬೇರೆ ಸ್ಟೋರುಗಳಲ್ಲಿಯೂ ಅಳವಡಿಸಬಹುದೇ? ಕೊನೆಯಲ್ಲಿ ಒಂದು ಸಾಲು: 'ಈ ಪತ್ರವ್ಯವಹಾರ ಮುಗಿಯುವವರೆಗೆ ಸ್ಟೋರನ್ನು ಯಥಾಸ್ಥಿತಿಯಲ್ಲಿ ಮುಂದುವರಿಸುವುದು.'

ಆ ಸಾಲನ್ನು ಮೇಸ್ತ್ರಿಗೆ ಎರಡು ಸಲ ಓದಿದೆ.

"ಅಂದ್ರೆ ನೀವು ಕಾಗದ ಬರೀತಾ ಇರೋತಂಕ ಮುಚ್ಚಂಗಿಲ್ಲ?"

"ಹಾಗೆ ಕಾಣುತ್ತದೆ."

"ಎಷ್ಟು ದಿನ ಬರೀತೀರಿ ಅಮ್ಮಾರೆ?"

"ಪ್ರಶ್ನೆಗೆ ಎಷ್ಟು ಉತ್ತರ ಬೇಕೋ ಅಷ್ಟು."

ನಾನು ಒಂದು ಉತ್ತರವನ್ನೂ ತಡಮಾಡಲಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಆಯಾ ದಿನವೇ ಬರೆದೆ. ಪೂರ್ತಿಯಾಗಿ ಬರೆದೆ, ಅಷ್ಟೆ. ಮಂಡಕ್ಕಿಯ ಬಗ್ಗೆ ಕೇಳಿದ್ದರಲ್ಲ, ಹೊಟ್ಟು, ಹುಲ್ಲು, ಹತ್ತಿ, ಮಂಡಕ್ಕಿ ನಾಲ್ಕರಲ್ಲೂ ಹಳೆಯ ಸತ್ತ ವಾಲ್ವುಗಳನ್ನಿಟ್ಟು ಸ್ಟೋರಿನ ಮೆಟ್ಟಿಲಿನಿಂದ ಉರುಳಿಸಿ, ಫಲಿತಾಂಶದ ಕೋಷ್ಟಕ ಹಾಕಿ ಕಳಿಸಿದೆ. ಅದಕ್ಕೆ ಅವರು ಮಂಡಕ್ಕಿ ಹಸಿಯಾದರೆ ಏನಾಗುತ್ತದೆ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಹಸಿ ಮಾಡಿ ನೋಡಿ ಬರೆದೆ. ಬಸ್ಸಿನ ಪ್ರಶ್ನೆಗೆ ನಾಲ್ಕೂ ಊರಿನ ಬಸ್ಸುಗಳ ವೇಳೆ ಬರೆದೆ. ಅದರಲ್ಲಿ ಜಗಳೂರು ಯಾಕೆ ಸೇರಿದೆ ಎಂದು ಮೇಲಿನವರಿಗೆ ಆಶ್ಚರ್ಯವಾಗಿ, ಅದಕ್ಕೊಂದು ಬೇರೆ ಫೈಲು ತೆರೆದರು. ಸಾಹೇಬರು ಒಂದು ಸಲ ಸಿಕ್ಕಾಗ, "ನಿನಗೆ ಒಂದು ಮಾತು ಕೇಳಿದರೆ ಹತ್ತು ಪುಟ ಬರುತ್ತಲ್ಲಮ್ಮ" ಎಂದರು. ಬೈದದ್ದೋ ಹೊಗಳಿದ್ದೋ ತಿಳಿಯಲಿಲ್ಲ.

ಮೇಸ್ತ್ರಿ ಬೆಳಿಗ್ಗೆ ಬಂದ ಕೂಡಲೇ ಗೋಡೆಯ ಕ್ಯಾಲೆಂಡರಿನ ಮುಂದೆ ನಿಲ್ಲುತ್ತಿದ್ದರು. "ಇವತ್ತು ಏನಾರ ಪ್ರಶ್ನೆ ಬಂತೇನ್ರಿ?" ಬಂದರೆ ಅವರಿಗೆ ಚಹಾ ರುಚಿಸುತ್ತಿತ್ತು. ಬರದಿದ್ದರೆ ಮುಖ ಸಣ್ಣದಾಗುತ್ತಿತ್ತು. ಒಂದು ಸಲ ಹದಿನಾಲ್ಕು ದಿನ ಏನೂ ಬರಲಿಲ್ಲ. "ಅಮ್ಮಾರೆ, ನೀವೇ ಒಂದು ಪ್ರಶ್ನೆ ಕೇಳಬಾರದಾ ಅವರ್ನ?" ಎಂದರು. ಅದೂ ಸರಿ ಎನಿಸಿತು. ಮಂಡಕ್ಕಿಯಲ್ಲಿ ಖಾರ ಇರಬಹುದೇ, ಇರಬಾರದೇ ಎಂದು ಮಾರ್ಗದರ್ಶನ ಕೋರಿ ಬರೆದೆ.

ಅದಕ್ಕೆ ಉತ್ತರ ಬರುವುದಕ್ಕೆ ಮೊದಲೇ ಅವರ ಹತ್ತು ವರ್ಷ ತುಂಬಿತು. ಹಾಜರಿ ಪುಸ್ತಕವನ್ನು ನಾನೇ ಶಿವಮೊಗ್ಗಕ್ಕೆ ಒಯ್ದು ಕೊಟ್ಟು ಬಂದೆ. ಖಾಯಂ ಆದೇಶ ಬಂತು. ಅದರ ಹಿಂದೆಯೇ, ಇಪ್ಪತ್ತು ದಿನಕ್ಕೆ, ಸ್ಟೋರು ಮುಚ್ಚುವ ಆದೇಶವೂ ಬಂತು. ಖಾರ ಇರಬಾರದು ಎಂಬ ಉತ್ತರ ಅದೇ ಲಕೋಟೆಯಲ್ಲಿತ್ತು. ಖಾಯಂ ನೌಕರರಾದ್ದರಿಂದ ಮೇಸ್ತ್ರಿಯನ್ನು ಶಿವಮೊಗ್ಗದ ಕಚೇರಿಗೆ ಹಾಕಿದರು.

ಆದೇಶ ಕೈಗೆ ಬಂದ ದಿನ ಅವರು ಒಂಬತ್ತನೇ ರ‍್ಯಾಕಿನಿಂದ ಪೆಟ್ಟಿಗೆ ಇಳಿಸಿದರು. ಗೋಡೆಯ ಕಡೆ ತಿರುಗಿ ಕೋಟು ಹಾಕಿಕೊಂಡು, ಈ ಕಡೆ ತಿರುಗಿದರು. ಕೋಟಿನೊಳಗೆ ಅವರು ಎಲ್ಲಿದ್ದಾರೆಂದು ಹುಡುಕಬೇಕಾಗಿತ್ತು. ತೋಳು ಬೆರಳಿನ ತುದಿಯವರೆಗೆ ಇಳಿದಿತ್ತು. ಮುಂಭಾಗದಲ್ಲಿ ಇನ್ನೊಬ್ಬ ಮೇಸ್ತ್ರಿಗೆ ಜಾಗವಿತ್ತು.

"ಅಳತೆ ತಪ್ಪಿದೆಯಲ್ಲ ಮೇಸ್ತ್ರಿ."

"ತಪ್ಪಿಲ್ರಿ. ಖಾಯಂ ಆದೋರಿಗೆ ಮೈ ಬರ್ತೈತೆ, ಅದಕ್ಕೆ ದೊಡ್ಡದು ಹೊಲೀತೀನಿ ಅಂದಿದ್ದ ದರ್ಜಿ. ಅವ ಖಾಯಂ ಜನ ಭಾಳ ನೋಡ್ಯಾನೆ."

ಗಿರಣಿ ಶುರುವಾಯಿತು. ಯಾರಿಗೂ ಬೇಡವಾದ ವಾಲ್ವುಗಳು ರ‍್ಯಾಕಿನಲ್ಲಿ ಕಿಣಿಕಿಣಿ ಎಂದವು. ನಾನು ಪೆಟ್ಟಿಗೆಯಿಂದ ಕಾರ್ಡು ಬಿಚ್ಚಿ, ಹೋದದ್ದು ಒಂದು, ಉಳಿದದ್ದು ಇಲ್ಲ ಎಂದು ಬರೆದು, ಪಡೆದವರ ಸಹಿಗೆ ಮುಂದೆ ಹಿಡಿದೆ. ಮೇಸ್ತ್ರಿ ಮೊದಲು ತೋಳು ಮೂರು ಸಲ ಮಡಿಸಿಕೊಂಡರು, ಆಮೇಲೆ ಸಹಿ ಹಾಕಿದರು.